ಹಳಿ ಚಕ್ರವೋ, ಟಯರ್ ಚಕ್ರವೋ?

1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದಿದ್ದ ಲಾರ್ಡ್ ಕಾರ್ನ್‌ವಾಲಿಸ್ ಕೋಟೆಗೆ ಮುತ್ತಿಗೆ ಹಾಕದೆಯೇ ಹಿಂದಿರುಗಬೇಕಾಯಿತು. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಹಿಮ್ಮೆಟ್ಟಿದ್ದು ಟಿಪ್ಪುವಿನ ಸೇನೆಯೇ. ಆದರೆ ಮಳೆ ಹಿಡಿದಿತ್ತು, ಮೇವು ಸಿಗುತ್ತಿರಲಿಲ್ಲ, ತೋಪು ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು. ಕೋಟೆಗೋಡೆ ಒಡೆಯಲೆಂದು ಅಷ್ಟು ದೂರ ಎಳೆದು ತಂದ ಭಾರಿ ತೋಪುಗಳನ್ನು ಕನ್ನಂಬಾಡಿಯ ಬಳಿ ಇಂಗ್ಲಿಷರು ತಮ್ಮ ಕೈಯಾರೆ ನಾಶಪಡಿಸಿ ಮೇಲುಕೋಟೆಯ ದಿಕ್ಕಿಗೆ ಹೊರಟರು. ಆ ಹಳೆಯ ಕನ್ನಂಬಾಡಿ ಇಂದು ಕೃಷ್ಣರಾಜಸಾಗರದ ನೀರಿನಡಿ ಇದೆ.

ಯುದ್ಧದ ಇತಿಹಾಸದಲ್ಲಿ ಈ ಪ್ರಸಂಗಕ್ಕೆ ಸಿಗುವುದು ನಾಲ್ಕು ಸಾಲು. ಗಾಡಿಯ ಇತಿಹಾಸದಲ್ಲಿ ಮಾತ್ರ ಅದು ದೊಡ್ಡ ಪಾಠ. ಈ ಸೀಮೆಯಲ್ಲಿ ಭಾರ ಸಾಗಿಸುವವನು ನೆಲ, ಮಳೆ, ಎತ್ತು ಮತ್ತು ಚಕ್ರ ನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಮೈಸೂರಿನ ದೊರೆಗಳು ಆ ಲೆಕ್ಕವನ್ನು ಬಲ್ಲವರಾಗಿದ್ದರು. ಚಿಕ್ಕದೇವರಾಜರ ಕಾಲದ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪುವಿನ ‘ಅಮೃತಮಹಲ್’ ಆಯಿತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಆ ದನಗಳ ಬೆಲೆ ಇಂಗ್ಲಿಷರಿಗೂ ಚೆನ್ನಾಗಿಯೇ ತಿಳಿಯಿತು.

ಸೈನ್ಯಗಳು ಹೋದವು, ಗಾಡಿ ಉಳಿಯಿತು. ಪಾಂಡವಪುರ ಇನ್ನೂ ಫ್ರೆಂಚ್ ರಾಕ್ಸ್ ಆಗಿದ್ದ, ಕೃಷ್ಣರಾಜಪೇಟೆ ಅತ್ತಿಗುಪ್ಪೆಯಾಗಿದ್ದ ದಿನಗಳಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಗಾಡಿ ಇದ್ದ ಮನೆಯೆಂದರೆ ಅನುಕೂಲಸ್ಥರ ಮನೆ. ಗಾಡಿಯ ಜೀವ ಚಕ್ರದಲ್ಲಿತ್ತು. ನಡುವೆ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಅವುಗಳ ತುದಿಯನ್ನು ಹಿಡಿಯುವ ಬಾಗಿದ ಮರದ ತುಂಡುಗಳು, ಎಲ್ಲವನ್ನೂ ಬಿಗಿದು ನಿಲ್ಲಿಸುವ ಕಬ್ಬಿಣದ ಹಳಿ. ಮರಕ್ಕೆ ಹೆಚ್ಚಾಗಿ ಜಾಲಿ. ಗಟ್ಟಿ, ಪೆಟ್ಟು ತಾಳುತ್ತದೆ, ಹೊಲದ ಬದುವಿನಲ್ಲೇ ಸಿಗುತ್ತದೆ.

ಹಳಿ ಕಟ್ಟುವುದು ಬಡಗಿ ಮತ್ತು ಕಮ್ಮಾರ ಇಬ್ಬರೂ ಸೇರಿ ಮಾಡಬೇಕಾದ ಕೆಲಸ. ಹಳಿಯ ಸುತ್ತಳತೆ ಮರದ ಚಕ್ರಕ್ಕಿಂತ ತುಸು ಕಡಿಮೆ ಇರಬೇಕು. ಬೆರಣಿ ಸುತ್ತ ಜೋಡಿಸಿ ಬೆಂಕಿ ಹಾಕಿ ಹಳಿಯನ್ನು ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಇಕ್ಕಳಗಳಿಂದ ಎತ್ತಿ ಮರದ ಮೇಲೆ ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿದರೆ ಹಳಿ ಕುಗ್ಗಿ, ಅರೆಕಾಲುಗಳೆಲ್ಲ ಗುಂಬದೊಳಕ್ಕೆ ಬಿಗಿದು ಕೂರುತ್ತವೆ. ಸುತ್ತಳತೆ ಕೊಂಚ ಹೆಚ್ಚಾದರೆ ಹಳಿ ಸಡಿಲ, ಕೊಂಚ ಕಡಿಮೆಯಾದರೆ ಚಕ್ರವೇ ಸೊಟ್ಟ. ಅಷ್ಟು ನಾಜೂಕಿನ ಲೆಕ್ಕವನ್ನು ಕಣ್ಣಳತೆಯಲ್ಲಿ ಮಾಡುತ್ತಿದ್ದವರನ್ನು ಯಾರೂ ಎಂಜಿನಿಯರ್ ಎನ್ನಲಿಲ್ಲ. ಬೇಸಿಗೆಯಲ್ಲಿ ಮರ ಒಣಗಿ ಹಳಿ ಕಳಚುವಂತಾದರೆ ರೈತ ಚಕ್ರವನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದ. ಮರ ಉಬ್ಬಿ ಮತ್ತೆ ಬಿಗಿಯುತ್ತಿತ್ತು.

ಇದೇ ಗಾಡಿಗೆ ಬಿದಿರಿನ ಕಮಾನು ಕಟ್ಟಿ ಚಾಪೆ ಹೊದಿಸಿದರೆ ಅದು ಓಡುವ ಮನೆ. ಮೇಲುಕೋಟೆಯ ವೈರಮುಡಿಗೆ, ಬೇಬಿ ಬೆಟ್ಟದ ದನಗಳ ಜಾತ್ರೆಗೆ, ಹೇಮಗಿರಿ ಜಾತ್ರೆಗೆ ಮನೆಮಂದಿಯೆಲ್ಲ ಅಕ್ಕಿ, ರಾಗಿಹಿಟ್ಟು, ಪಾತ್ರೆ, ಮೇವಿನ ಸಮೇತ ಅದರಲ್ಲೇ ಹೊರಡುತ್ತಿದ್ದರು. ರಾತ್ರಿ ಎತ್ತು ಬಿಚ್ಚಿ ಕಟ್ಟಿ, ಮೂರು ಕಲ್ಲಿಟ್ಟು ಅಡುಗೆ ಮಾಡಿ, ಹೆಂಗಸರು ಮಕ್ಕಳು ಕಮಾನಿನೊಳಗೆ, ಗಂಡಸರು ಗಾಡಿಯ ಅಡಿಯಲ್ಲಿ ಮಲಗುವುದು. ಈಗಿನ ಕ್ಯಾಂಪರ್ ವ್ಯಾನಿನವರು ದುಡ್ಡು ಕೊಟ್ಟು ಪಡೆಯುವ ಸುಖ ಇದೇ. ಅವರ ತಲೆನೋವೂ ಇದೇ: ಅರ್ಧ ದಾರಿ ರಸ್ತೆ, ಇನ್ನರ್ಧ ಜಾಡು, ಎರಡಕ್ಕೂ ಒಗ್ಗುವ ಚಕ್ರ ಯಾವುದು?

ರೈತನಿಗೆ ಈ ಪ್ರಶ್ನೆ ಎದುರಾದದ್ದು ಕಾಲುವೆ ಬಂದ ಮೇಲೆ. ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದ ಆರಂಭದಲ್ಲಿ ಹರಿಯಿತು. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಅವರ ಒತ್ತಾಸೆಯೊಂದಿಗೆ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ರಾಗಿ ಮನೆಯ ಕಣಜಕ್ಕೆ ಹೋದರೆ ಸಾಕು; ಕಬ್ಬು ಕಾರ್ಖಾನೆಗೇ ಹೋಗಬೇಕು, ಕಡಿದ ಮೇಲೆ ತಡಮಾಡಿದರೆ ತೂಕವೂ ರಸವೂ ಇಳಿಯುತ್ತವೆ. ಹೊಲದ ಕೆಸರಿನಿಂದ ಟಾರು ರಸ್ತೆಯವರೆಗೆ ಟನ್ನುಗಟ್ಟಲೆ ಹೇರು ಹೊರುವ ಗಾಡಿ ಬೇಕಾಯಿತು.

ಗಾಳಿ ತುಂಬಿದ ಟಯರು ಮೊದಲು ಉರುಳಿದ್ದು ಪ್ರಾಣಿ ಎಳೆಯುವ ಬಂಡಿಯ ಕೆಳಗೆ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿ ಅದರ ಹಕ್ಕುಪತ್ರ ಪಡೆದು ಕುದುರೆ ಸಾರೋಟಿಗೆ ತೊಡಿಸಿದ್ದ. ಅದು ಮರೆತುಹೋಗಿ, 1888ರಲ್ಲಿ ಜಾನ್ ಡನ್ಲಪ್ ಮತ್ತೆ ಕಂಡುಹಿಡಿದ. ಡನ್ಲಪ್ ವೃತ್ತಿಯಿಂದ ಪಶುವೈದ್ಯ. ಎತ್ತಿನ ಕಷ್ಟ ಇಳಿಸಬಲ್ಲ ವಸ್ತು ಪಶುವೈದ್ಯನ ಕೈಯಿಂದಲೇ ಬಂದದ್ದು ಚೆನ್ನಾಗಿಯೇ ಇದೆ. ಅವನ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಗಾಡಿಗೆಂದೇ ಹತ್ತೊಂಬತ್ತು ಅಂಗುಲದ ಚಕ್ರಕ್ಕೆ ಹೊಂದುವ ಟಯರುಗಳು ಬಂದವು. ಅವುಗಳ ಬೆಲೆ ಭಾರವೆನಿಸಿದವರು ಹಳೆಯ ಲಾರಿ, ಜೀಪುಗಳ ಸವೆದ ಟಯರನ್ನೇ ತಂದು ಹಾಕಿಸಿಕೊಂಡರು.

ಲಾಭ ಕಣ್ಣಿಗೆ ಕಾಣುವಂಥದ್ದು. ಬೇರಿಂಗ್ ಇರುವುದರಿಂದ ಕೀಲೆಣ್ಣೆಯ ಗೋಜು ಕಡಿಮೆ, ಕಿರುಗುಟ್ಟುವ ಸದ್ದಿಲ್ಲ. ಕಬ್ಬಿಣದ ಕಿರಿದಾದ ಹಳಿ ಜಲ್ಲಿ ರಸ್ತೆಯನ್ನು ಕೊರೆದು ಜಾಡು ಮಾಡುತ್ತದೆ, ಅಗಲವಾದ ರಬ್ಬರು ಅದೇ ಭಾರವನ್ನು ಹರಡಿ ಇಡುತ್ತದೆ. ಒಂದು ಟನ್ ಹೇರಿಗೆ ಏದುಸಿರು ಬಿಡುತ್ತಿದ್ದ ಜೋಡಿ ಸಮತಟ್ಟಾದ ಟಾರು ರಸ್ತೆಯಲ್ಲಿ ಅದರ ದುಪ್ಪಟ್ಟನ್ನು ಎಳೆಯಬಲ್ಲದು.

ಹಾಗಾದರೆ ಎಲ್ಲರೂ ಒಮ್ಮೆಗೇ ಏಕೆ ಬದಲಾಯಿಸಲಿಲ್ಲ? ಉತ್ತರ ನೆಲದಲ್ಲಿದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬಯಲಿನಲ್ಲಿ ರಸ್ತೆ ಹತ್ತಿರ, ಹೇರು ದೊಡ್ಡದು. ಅಲ್ಲಿ ಟಯರು ಸರಿ. ನಾಗಮಂಗಲದ ಕಲ್ಲುನೆಲ, ಕೃಷ್ಣರಾಜಪೇಟೆಯ ಮಳೆಯಾಶ್ರಯದ ಹೊಲಗಳಲ್ಲಿ ಲೆಕ್ಕ ಬೇರೆ. ಆಳೆತ್ತರಕ್ಕೆ ತುಸು ಕಡಿಮೆಯ ಮರದ ಚಕ್ರ ಕಲ್ಲನ್ನು ಹತ್ತಿ ಇಳಿಯುತ್ತದೆ. ಗಿಡ್ಡ ಟಯರು ಅದಕ್ಕೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಅಂಟುಮಣ್ಣಿನ ಹಳ್ಳದಲ್ಲಿ ಕಿರಿದಾದ ಹಳಿ ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಮುಟ್ಟುತ್ತದೆ. ಸವೆದ ಲಾರಿ ಟಯರು ಮೇಲೇ ಜಾರುತ್ತದೆ. ತಲೆಮಾರುಗಳ ಗಾಡಿಗಳು ಕೊರೆದ ಜಾಡಿಗೆ ಹೊಸ ಅಚ್ಚಿನ ಅಳತೆ ಕೂಡದಿದ್ದರೆ ಒಂದು ಚಕ್ರ ಜಾಡಿನಲ್ಲಿ, ಇನ್ನೊಂದು ದಿಬ್ಬದ ಮೇಲೆ. ಎಲ್ಲಕ್ಕಿಂತ ಮಿಗಿಲಾಗಿ ಮುಳ್ಳು. ಮರದ ಚಕ್ರವಾಗಿ ಕೈಹಿಡಿದ ಜಾಲಿಯೇ ರಬ್ಬರಿನ ವೈರಿ. ಹಳಿ ಸಡಿಲವಾದರೆ ಊರಿನ ಕಮ್ಮಾರನಿದ್ದ. ಪಂಕ್ಚರ್ ಆದರೆ ಪೇಟೆಗೇ ಹೋಗಬೇಕಿತ್ತು.

ಎತ್ತಿನ ಪಾಡು ನಿಜವಾಗಿ ಸುಧಾರಿಸಿತೇ ಎಂಬುದು ಅಷ್ಟು ಸುಲಭವಾಗಿ ಹೌದು ಎನ್ನಲಾಗದ ಮಾತು. ಎಳೆತ ಹಗುರವಾದಷ್ಟೂ ಹೇರು ಹೆಚ್ಚಿತು. ಉಳಿದ ಶ್ರಮ ಎತ್ತಿಗೆ ಸೇರದೆ ಯಜಮಾನನ ಲೆಕ್ಕಕ್ಕೆ ಸೇರಿತು. ಇಳಿಜಾರಿನಲ್ಲಂತೂ ಹಳಿ ಚಕ್ರದ ಘರ್ಷಣೆಯೇ ಅರ್ಧ ತಡೆಯಾಗಿತ್ತು. ಟಯರು ಸರಾಗವಾಗಿ ಉರುಳಿ ಇಡೀ ಕಬ್ಬಿನ ಭಾರ ಎತ್ತುಗಳನ್ನು ಹಿಂದಿನಿಂದ ನೂಕುತ್ತದೆ. ಬ್ರೇಕಿಲ್ಲದ ಗಾಡಿ, ಟಾರಿನ ಮೇಲೆ ಜಾರುವ ಲಾಳ. ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ಮುಂದಕ್ಕೆ ವಾಲಿದರೆ ನೊಗ ಹೆಗಲನ್ನು ಒತ್ತಿ ಹುಣ್ಣು ಮಾಡುವುದು ಎರಡು ಬಗೆಯ ಗಾಡಿಯಲ್ಲೂ ತಪ್ಪಲಿಲ್ಲ.

ಇದನ್ನು ದೊಡ್ಡ ದನಿಯಲ್ಲಿ ಹೇಳಿದವರು ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ. ಆಡಳಿತ ವಿದ್ಯೆ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿಯ ಬಗ್ಗೆ ಮಾತಾಡುತ್ತಾರೆಂದು 1970ರ ದಶಕದಲ್ಲಿ ನಕ್ಕವರೂ ಇದ್ದಾರು. ದೇಶದಲ್ಲಿ ಸುಮಾರು ಒಂದೂವರೆ ಕೋಟಿ ಗಾಡಿಗಳಿವೆ, ಅವುಗಳ ಚಕ್ರ, ನೊಗ, ಬೇರಿಂಗ್‌ಗಳನ್ನು ಸುಧಾರಿಸುವುದು ರಾಷ್ಟ್ರೀಯ ಕೆಲಸ ಎಂಬುದು ಅವರ ವಾದ. ಆ ಹೊತ್ತಿಗೆ ಟ್ರಾಕ್ಟರು ಹಳ್ಳಿಗೆ ಕಾಲಿಟ್ಟಾಗಿತ್ತು. ಸುಧಾರಿಸಿದ ಗಾಡಿಗಿಂತ ಸಾಲದಲ್ಲಿ ಸಿಗುವ ಟ್ರಾಕ್ಟರಿಗೆ ಮರ್ಯಾದೆ ಹೆಚ್ಚು. 1973ರಲ್ಲಿ ಸ್ಥಾಪನೆಯಾಗಿ 1997ರಲ್ಲಿ ಜೆ.ಕೆ. ಸಮೂಹದ ಕೈಸೇರಿದ ಮೈಸೂರಿನ ವಿಕ್ರಾಂತ್ ಟಯರ್ಸ್ ಈ ಸೀಮೆಯ ಪಕ್ಕದಲ್ಲೇ ಇದ್ದರೂ, ಟಯರು ಮಾರುಕಟ್ಟೆಯ ಕಣ್ಣು ಲಾರಿ, ಬಸ್ಸುಗಳ ಮೇಲಿತ್ತು.

ಕಳೆದುಕೊಂಡವರು ಚಕ್ರ ಮಾಡುವವರು. ಹಳಿ ಕಟ್ಟುವ ಕೆಲಸ ನಿಂತಾಗ ಕಮ್ಮಾರನಿಗೆ ಕುಡುಗೋಲು, ಗುಳ ಉಳಿದವು. ಬಡಗಿ ಬಾಗಿಲು ಕಿಟಕಿಗೆ ತಿರುಗಿದ. ಅವರು ಮಾಡಿದ ಚಕ್ರಗಳು ಈಗ ಹೆದ್ದಾರಿ ಪಕ್ಕದ ಹೋಟೆಲುಗಳ ಗೋಡೆಗೆ ಒರಗಿ ನಿಂತಿವೆ. ಕಬ್ಬಿನ ಹೇರು ಬಹುಪಾಲು ಟ್ರಾಕ್ಟರಿನ ಪಾಲಾಗಿದ್ದರೂ ಕಾಲುವೆ ಬದಿಯಲ್ಲಿ ಹುಲ್ಲು, ಗೊಬ್ಬರ ಹೊತ್ತ ಟಯರ್ ಗಾಡಿ ಇನ್ನೂ ಕಾಣಸಿಗುತ್ತದೆ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ, ಆಟೋ, ಟ್ರಾಕ್ಟರುಗಳ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು. ರಸ್ತೆಗೆ ನೋವಾಗದಿರಲೆಂದು ರಬ್ಬರು ತೊಟ್ಟ ಗಾಡಿ ಈಗ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಸಾಗುತ್ತದೆ.