ಹಾಡಿನ ಪುಸ್ತಕ: ರಾಯಚೂರು ಸೀಮೆಯಲ್ಲಿ ಓದಿನ ದಾಖಲೆ

ವರ್ಷದಲ್ಲಿ ಓದಿದ ಪುಸ್ತಕಗಳ ಹೆಸರನ್ನು ದಿನಾಂಕದೊಡನೆ ಬರೆದಿಡುವ ರೂಢಿ ಅಚ್ಚಿನ ಪುಸ್ತಕಗಳು ಹೇರಳವಾಗಿ ದೊರೆಯತೊಡಗಿದ ಮೇಲೆ ಬೆಳೆದದ್ದು. ಗ್ರಂಥವೊಂದು ತನ್ನದಾಗಬೇಕಾದರೆ ಅದನ್ನು ಕೈಯಾರೆ ಪ್ರತಿ ಮಾಡಿಕೊಳ್ಳಬೇಕಾಗಿದ್ದ ಕಾಲದಲ್ಲಿ ಆ ಪ್ರತಿಯೇ ಓದಿನ ದಾಖಲೆಯೂ ಆಗಿತ್ತು ಎಂಬುದನ್ನು ರಾಯಚೂರು, ದೇವದುರ್ಗ, ಮಾನ್ವಿಗಳ ಹರಿದಾಸ ಪರಂಪರೆ ತೋರಿಸಿಕೊಡುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ರಚಿಸಿದ ಪದ, ಸುಳಾದಿಗಳು ಬಾಯಿಂದ ಬಾಯಿಗೆ ಹರಿದಂತೆಯೇ ಓಲೆಗರಿಯಲ್ಲಿಯೂ ಕಾಗದದ ಹಾಡಿನ ಪುಸ್ತಕಗಳಲ್ಲಿಯೂ ಉಳಿದವು. ಇಂತಹ ಪುಸ್ತಕದಲ್ಲಿ ಕರ್ತೃವಿನ ಹೆಸರನ್ನು ಬೇರೆಯಾಗಿ ಬರೆಯಬೇಕಾಗಿರಲಿಲ್ಲ. ಪದದ ಕೊನೆಯಲ್ಲಿ ಬರುವ ಅಂಕಿತ, ಅಂದರೆ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಮುದ್ರೆ, ಆ ಕೆಲಸವನ್ನು ಮಾಡುತ್ತಿತ್ತು. ಯಾವ ಪದವನ್ನು ಆರಿಸಿಕೊಂಡರು, ಯಾವುದನ್ನು ಬಿಟ್ಟರು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟರು ಎಂಬುದು ಆ ಮನೆಯವರ ಓದಿನ ಒಲವನ್ನು ಹೇಳುವುದರಿಂದ, ಇವನ್ನು ಕೇವಲ ಪಾಠಾಂತರಗಳ ಆಕರವೆಂದು ನೋಡುವುದು ಸಾಲದು. ಜಗನ್ನಾಥದಾಸರು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ‘ಹರಿಕಥಾಮೃತಸಾರ’ದಂತಹ ದೊಡ್ಡ ಕೃತಿಯನ್ನಾದರೋ ಸಂಧಿಯಿಂದ ಸಂಧಿಗೆ ಪಾರಾಯಣ, ಎಂದರೆ ನಿಯಮ ಹಿಡಿದು ಆದಿಯಿಂದ ಅಂತ್ಯದವರೆಗೆ ಓದುವುದು, ಮಾಡುತ್ತಿದ್ದುದರಿಂದ ಅಲ್ಲಿ ಲೆಕ್ಕವಿಡುತ್ತಿದ್ದುದು ಕೃತಿಗಳ ಸಂಖ್ಯೆಯನ್ನಲ್ಲ, ಒಂದೇ ಕೃತಿಯ ಆವೃತ್ತಿಗಳನ್ನು.

ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆಯುವ ಸಮಾಪ್ತಿವಾಕ್ಯ ಇಂದಿನ ಓದಿನ ದಿನಚರಿಗೆ ಅತ್ಯಂತ ಹತ್ತಿರವಾದದ್ದು. ಸಂವತ್ಸರಚಕ್ರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಶಕವರ್ಷವಿಲ್ಲದೆ ಪ್ರಭವ ಎಂದಷ್ಟೇ ಬರೆದಿದ್ದರೆ ಅದು 1867ರದೋ 1927ರದೋ ಎಂಬುದನ್ನು ಕಾಗದ, ಅಕ್ಷರದ ಬಗೆಗಳಿಂದ ಊಹಿಸಬೇಕಾಗುತ್ತದೆ. ಆಗ ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮನ ಕಚೇರಿಗಳಲ್ಲಿ ಫಸಲಿ ಎಂಬ ಬೇರೊಂದು ವರ್ಷಗಣನೆ ನಡೆಯುತ್ತಿದ್ದು, ಅದಕ್ಕೆ 590 ಕೂಡಿಸಿದರೆ ಸರಿಸುಮಾರು ಕ್ರಿಸ್ತವರ್ಷ ದೊರೆಯುತ್ತಿತ್ತು. ಪಂಚಾಂಗದ ವರ್ಷ ಯುಗಾದಿಗೆ ತೊಡಗಿದರೆ ಕಚೇರಿಯ ವರ್ಷ ಅಕ್ಟೋಬರಿನಲ್ಲಿ ತೊಡಗುತ್ತಿದ್ದುದರಿಂದ, ಒಂದೇ ಊರಿನ ಓದುಗರಿಗೆ ‘ಈ ವರ್ಷ’ ಎಂಬುದೇ ಬೇರೆ ಬೇರೆಯಾಗಿತ್ತು.

ಆಡಳಿತ ಮತ್ತು ಶಿಕ್ಷಣದಲ್ಲಿ ಉರ್ದು ಪ್ರಧಾನವಾಗಿದ್ದ ನಿಜಾಮನ ರಾಜ್ಯದಲ್ಲಿ ಕನ್ನಡದ ಓದನ್ನು ಮನೆಯೊಳಗೆ ಕಾಪಾಡಿದ ಶ್ರೇಯಸ್ಸು ಹಾಡಿನ ಪುಸ್ತಕಕ್ಕೂ ಸಲ್ಲಬೇಕು. ಉರ್ದು ಬಲ್ಲವರಲ್ಲಿ ಮೆಚ್ಚಿದ ಶೇರುಗಳನ್ನು ಬರೆದಿಟ್ಟುಕೊಳ್ಳುವ ಬಯಾಜ್ ಎಂಬ ಸ್ವಂತ ಪುಸ್ತಕವಿದ್ದು, ಎರಡೂ ಒಂದೇ ಬಗೆಯ ಅಗತ್ಯದಿಂದ ಹುಟ್ಟಿದವು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಮೇಲೆ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಅಲ್ಲಿಯೇ ಸಾಹಿತ್ಯ ಸಮ್ಮೇಳನ ನಡೆದ ಮೇಲೆ, ಕನ್ನಡದ ಓದು ಬಹಿರಂಗದಲ್ಲಿಯೂ ಬಲಗೊಂಡಿತು. ಲಿಂಗಸುಗೂರಿನಲ್ಲಿ ಗೊರೆಬಾಳ ಹನುಮಂತರಾಯರು ದಾಸಸಾಹಿತ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಅಚ್ಚಿನ ಪ್ರತಿ ದೊರೆತ ಬಳಿಕ ನಕಲಿನ ಅಗತ್ಯ ತಗ್ಗಿತು, ಅದರೊಡನೆ ಓದಿದವರ ಕೈಬರಹದ ಗುರುತೂ ಮರೆಯಾಗತೊಡಗಿತು.

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರಲ್ಲಿ ಬಂದಿತಾದರೂ ಗ್ರಂಥಾಲಯದ ದಾಖಲೆ ಆ ಕೊರತೆಯನ್ನು ತುಂಬುವಂತಹದಲ್ಲ. ಭಾರತದ ಗ್ರಂಥಾಲಯಗಳಲ್ಲಿ ವ್ಯಾಪಕವಾಗಿದ್ದ ಬ್ರೌನ್ ಪದ್ಧತಿಯಲ್ಲಿ ಪುಸ್ತಕದ ಚೀಟಿಯನ್ನು ಓದುಗನ ಟಿಕೆಟ್ಟಿನೊಳಗೆ ಸೇರಿಸಿಟ್ಟು, ಪುಸ್ತಕ ಮರಳಿದಾಗ ಎರಡನ್ನೂ ಬೇರ್ಪಡಿಸುತ್ತಿದ್ದುದರಿಂದ, ಯಾರು ಏನನ್ನು ಎರವಲು ಪಡೆದಿದ್ದರೆಂಬುದು ಅಲ್ಲಿಗೇ ಅಳಿಯುತ್ತಿತ್ತು. ಅದನ್ನು ಉಳಿಸುವ ಹೊಣೆ ಓದುಗನ ಸ್ವಂತ ನೋಟುಬುಕ್ಕಿಗೇ ಬಂದಿತು.