ಸೇತುವೆ ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು?



ನಮ್ಮಲ್ಲಿ ಒಂದು ಗಾದೆಯಿದೆ, ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಕೆಲಸ ಆದೊಡನೆ ಉಪಕಾರ ಮರೆಯುವವರನ್ನು ಚುಚ್ಚುವ ಮಾತು ಅದು. ದೋಣಿ ಹೋಗಿ ಸೇತುವೆ ಬಂದರೂ ಆ ಗಾದೆ ಸುಳ್ಳಾಗಿಲ್ಲ. ನ್ಯೂಯಾರ್ಕ್ ನಗರ ತನ್ನ ಸೇತುವೆಗಳನ್ನು ಹೇಗೆ ಕಟ್ಟಿತು, ಹೇಗೆ ಮರೆತಿತು, ಆಮೇಲೆ ಹೇಗೆ ಎಚ್ಚೆತ್ತಿತು ಎಂಬುದೇ ಇಂದಿನ ಕಥೆ.

1883ರ ಮೇ 24ರಂದು ತೆರೆದ ಬ್ರೂಕ್ಲಿನ್ ಸೇತುವೆಯ ಬಗ್ಗೆ ನೀವು ಶಾಲೆಯಲ್ಲೇ ಓದಿದ್ದೀರಿ. ಯೋಜನೆ ಹಾಕಿದ ಜಾನ್ ರೋಬ್ಲಿಂಗ್ ಮೊದಲೇ ತೀರಿಹೋದರು, ಮಗ ವಾಷಿಂಗ್ಟನ್ ಕಾಯಿಲೆ ಬಿದ್ದರು, ಸೊಸೆ ಎಮಿಲಿ ಗಂಡನ ಪರವಾಗಿ ಕೆಲಸ ನಡೆಸಿಕೊಟ್ಟರು. ಅಷ್ಟಾಗಿ ಯಾರೂ ಹೇಳದ ಸಂಗತಿ ಒಂದಿದೆ. ತಂತಿ ಪೂರೈಸುತ್ತಿದ್ದ ಗುತ್ತಿಗೆದಾರ ಹೇಗ್ ಎಂಬಾತ ಕಳಪೆ ಮಾಲು ಸಾಗಿಸಿದ್ದು 1878ರಲ್ಲಿ ಬಯಲಾಯಿತು. ಆಗಲೇ ಕೇಬಲ್‌ಗೆ ಸೇರಿಹೋಗಿದ್ದ ತಂತಿಯನ್ನು ಬಿಚ್ಚಿ ತೆಗೆಯುವಂತಿರಲಿಲ್ಲ. ಪ್ರತಿ ಕೇಬಲ್‌ಗೂ ಇನ್ನು 150 ಒಳ್ಳೆಯ ತಂತಿ ಸೇರಿಸಿದರು. ಬೇಕಾದದ್ದಕ್ಕಿಂತ ಆರು ಪಟ್ಟು ಬಲ ಇರಲೆಂದು ಮೊದಲೇ ಲೆಕ್ಕ ಹಾಕಿದ್ದರಿಂದ, ಮೋಸವಾದ ಮೇಲೂ ಸುಮಾರು ಐದು ಪಟ್ಟು ಉಳಿಯಿತು. ಆ ಕೆಟ್ಟ ತಂತಿ ಇವತ್ತಿಗೂ ಒಳಗೇ ಇದೆ.

1898ರಲ್ಲಿ ಮ್ಯಾನ್‌ಹಟನ್, ಬ್ರೂಕ್ಲಿನ್ ಮೊದಲಾದವು ಸೇರಿ ಒಂದೇ ನಗರವಾದಾಗ, ಸೇತುವೆಗಳಿಗೆಂದೇ ಒಂದು ಇಲಾಖೆ ಹುಟ್ಟಿತು. 1902ರಲ್ಲಿ ಅದರ ಕಮಿಷನರ್ ಆದ ಗುಸ್ತಾವ್ ಲಿಂಡೆಂತಾಲ್ ಸ್ವತಃ ದೊಡ್ಡ ಎಂಜಿನಿಯರ್. 1903ರಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆ, 1909ರಲ್ಲಿ ಕ್ವೀನ್ಸ್‌ಬರೋ ಮತ್ತು ಮ್ಯಾನ್‌ಹಟನ್ ಸೇತುವೆಗಳು ತೆರೆದವು. ವಿಲಿಯಮ್ಸ್‌ಬರ್ಗ್ ಸೇತುವೆಯ ನಡುಹರವು 1,600 ಅಡಿ. ಬ್ರೂಕ್ಲಿನ್‌ಗಿಂತ ನಾಲ್ಕೂವರೆ ಅಡಿ ಹೆಚ್ಚು. ಆದರೆ ಒಂದು ಕಡೆ ಕೈ ಬಿಗಿಹಿಡಿದಿದ್ದರು. ಬ್ರೂಕ್ಲಿನ್ ಸೇತುವೆಯ ತಂತಿಗಿದ್ದ ಸತುವಿನ ಲೇಪ ಇದರ ತಂತಿಗೆ ಇರಲಿಲ್ಲ. ಲೇಪವಿಲ್ಲದ ಉಕ್ಕಿಗೆ ನೀರು ಸೇರಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

1911ರಲ್ಲಿ ಈಸ್ಟ್ ನದಿಯ ಸೇತುವೆಗಳ ಸುಂಕ ರದ್ದಾಯಿತು. ಜನ ಖುಷಿಪಟ್ಟರು. ಆದರೆ ಸೇತುವೆಯ ದುಡ್ಡು ಸೇತುವೆಗೇ ಎನ್ನುವ ದಾರಿ ಮುಚ್ಚಿತು. ಮುಂದೆ ಸೇತುವೆಗೆ ಬಣ್ಣ ಬಳಿಯುವ ಖರ್ಚು ಶಾಲೆ, ಪೊಲೀಸು, ಆಸ್ಪತ್ರೆಗಳ ಖರ್ಚಿನ ಜೊತೆ ಒಂದೇ ಸಾಲಿನಲ್ಲಿ ನಿಂತಿತು. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದಾಗ ಬಣ್ಣ ಬಳಿಯುವವರಿಗೆ, ಚರಂಡಿ ತೆಗೆಯುವವರಿಗೆ ಏನು ಉಳಿದೀತು?

ಇಲ್ಲಿ ಇನ್ನೊಂದು ಗಂಟು ಇದೆ, ಗಮನವಿಟ್ಟು ಕೇಳಿ. ಹೊಸ ಸೇತುವೆ ಕಟ್ಟಲು ನಗರ ಸಾಲಪತ್ರ ಹೊರಡಿಸಬಹುದು. 1978ರ ಕಾನೂನಿನಿಂದ, ಕೆಟ್ಟುಹೋದ ಸೇತುವೆಯನ್ನು ಬದಲಿಸಲು ಕೇಂದ್ರ ಸರ್ಕಾರ ಶೇಕಡ 80ರವರೆಗೆ ಕೊಡುತ್ತಿತ್ತು. ದಿನನಿತ್ಯದ ಆರೈಕೆಯ ಖರ್ಚು ಮಾತ್ರ ಊರಿನದೇ. ಅಂದರೆ ಸೇತುವೆಯನ್ನು ಚೆನ್ನಾಗಿಟ್ಟರೆ ನಿಮ್ಮ ಜೇಬಿನಿಂದ ಹೋಗುತ್ತದೆ, ಹಾಳುಬಿಟ್ಟರೆ ಬೇರೆಯವರು ಕೊಡುತ್ತಾರೆ! ಯಾರೂ ಕೆಟ್ಟವರಲ್ಲದಿದ್ದರೂ ಲೆಕ್ಕದ ಪುಸ್ತಕವೇ ತುಕ್ಕಿಗೆ ಬೆಂಬಲ ಕೊಟ್ಟಂತಾಯಿತು.

ಎಚ್ಚರಿಕೆಗಳು ಬರುತ್ತಲೇ ಇದ್ದವು. 1967ರ ಡಿಸೆಂಬರ್ 15ರಂದು ವೆಸ್ಟ್ ವರ್ಜೀನಿಯಾ ಮತ್ತು ಒಹಾಯೊ ನಡುವಿನ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತರು. ಒಂದು ಉಕ್ಕಿನ ಪಟ್ಟಿಯಲ್ಲಿದ್ದ, ಅಂಗುಲದ ಹತ್ತನೇ ಒಂದು ಭಾಗದಷ್ಟು ಆಳದ ಬಿರುಕು ಅದಕ್ಕೆ ಕಾರಣ. ಆ ದುರಂತದ ಫಲವಾಗಿಯೇ 1971ರಲ್ಲಿ ಎರಡು ವರ್ಷಕ್ಕೊಮ್ಮೆ ಸೇತುವೆ ತಪಾಸಣೆ ಎಂಬ ರಾಷ್ಟ್ರೀಯ ನಿಯಮ ಬಂತು. ಸರಿಯಾಗಿ ಆರು ವರ್ಷದ ನಂತರ, 1973ರ ಅದೇ ದಿನ, ಮ್ಯಾನ್‌ಹಟನ್ನಿನ ವೆಸ್ಟ್ ಸೈಡ್ ಎತ್ತರದ ಹೆದ್ದಾರಿ ಒಂದು ಲಾರಿಯ ಅಡಿಯಲ್ಲಿ ಕುಸಿಯಿತು. ಅದೇ ಹೆದ್ದಾರಿಯ ರಿಪೇರಿಗೆಂದು ಡಾಂಬರು ಹೊತ್ತು ಹೊರಟಿದ್ದ ಲಾರಿ ಅದು. 1981ರಲ್ಲಿ ಬ್ರೂಕ್ಲಿನ್ ಸೇತುವೆಯ ಎರಡು ಓರೆ ಕೇಬಲ್ ತುಂಡಾದವು. ಅವುಗಳ ಹೊಡೆತಕ್ಕೆ ನಡೆದುಹೋಗುತ್ತಿದ್ದವರೊಬ್ಬರು ಬಲಿಯಾದರು. 1987ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಹೊಳೆಯ ನೆರೆ, ಕಂಬದ ಬುಡದ ಮಣ್ಣನ್ನೇ ಕೊರೆದು ಹೆದ್ದಾರಿ ಸೇತುವೆಯನ್ನು ಬೀಳಿಸಿತು. ಹತ್ತು ಜನ ಹೋದರು.

ಮರುವರ್ಷ, 1988ರ ಏಪ್ರಿಲ್‌ನಲ್ಲಿ, ವಿಲಿಯಮ್ಸ್‌ಬರ್ಗ್ ಸೇತುವೆಯ ತುಕ್ಕು ಹಿಡಿದ ಉಕ್ಕನ್ನು ಕಂಡ ಮೇಲೆ ನಗರ ಸಾರಿಗೆ ಇಲಾಖೆಯ ಮುಖ್ಯ ಎಂಜಿನಿಯರ್ ಸ್ಯಾಮ್ ಶ್ವಾರ್ಟ್ಸ್ ಸೇತುವೆಯನ್ನೇ ಮುಚ್ಚಿಸಿದರು. ಕಾರು, ಬಸ್ಸು, ರೈಲು ಎಲ್ಲವೂ ಸುಮಾರು ಎರಡು ತಿಂಗಳು ನಿಂತವು. ಬೀಳದ ಸೇತುವೆಯನ್ನು ಮುಚ್ಚಿದವನಿಗೆ ಹಾರ ಹಾಕುವವರು ಯಾರು? ಬೈಗುಳವೇ ಹೆಚ್ಚು. ಆದರೆ ಅಂದು ಆ ಸೇತುವೆಯ ಮೇಲೆ ಯಾರೂ ಸಾಯಲಿಲ್ಲ. ಕೆಡವಿ ಹೊಸದು ಕಟ್ಟಬೇಕೆ ಎಂಬ ಚರ್ಚೆಯೂ ನಡೆದು, ಕೊನೆಗೆ ರಿಪೇರಿಯೇ ಸರಿ ಎಂದಾಯಿತು. ಅದು ವರ್ಷಗಟ್ಟಲೆ ನಡೆಯಿತು. ಎರಡೂವರೆ ಕೋಟಿ ಡಾಲರಿನೊಳಗೆ ಕಟ್ಟಿದ ಸೇತುವೆಗೆ ಅದರ ಹತ್ತಾರು ಪಟ್ಟು ಸುರಿಯಬೇಕಾಯಿತು.

ಇಂದು ನಗರದ ಸೇತುವೆ ವಿಭಾಗ ಸುಮಾರು 800 ಸೇತುವೆಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿನ ಕೆಲಸದಲ್ಲಿ ರಿಬ್ಬನ್ ಕತ್ತರಿಸುವುದು ಅಪರೂಪ. ಚಳಿಗಾಲದ ಉಪ್ಪನ್ನು ತೊಳೆಯಬೇಕು, ಚರಂಡಿಯ ಕಸ ತೆಗೆಯಬೇಕು, ಕೀಲುಗಳಿಂದ ನೀರು ಸೋರದಂತೆ ಮುಚ್ಚಬೇಕು, ಪಾರಿವಾಳದ ಹಿಕ್ಕೆ ಕೆರೆಯಬೇಕು (ಅದೂ ಉಕ್ಕನ್ನು ತಿನ್ನುತ್ತದೆ!), ಬಣ್ಣ ಬಳಿಯಬೇಕು. ತಪಾಸಣೆಯವರಿಗೆ ಅಪಾಯ ಕಂಡರೆ ಕೆಂಪು ಬಾವುಟದ ವರದಿ ಬರೆಯುತ್ತಾರೆ. ಆಮೇಲೆ ಅದನ್ನು ಯಾರೂ ಕಡತದಲ್ಲಿ ಮಲಗಿಸುವಂತಿಲ್ಲ.

ಗೆಳೆಯರೇ, ಈ ದೇಶ ಈಗ ನಿಮ್ಮದು, ಈ ಸೇತುವೆಗಳೂ ನಿಮ್ಮವೇ. ನಿಮ್ಮ ಊರಿನ ರಸ್ತೆ ಸೇತುವೆಗಳ ಸ್ಥಿತಿ ರಾಷ್ಟ್ರೀಯ ದಾಖಲೆಯಲ್ಲಿದೆ, ಯಾರು ಬೇಕಾದರೂ ನೋಡಬಹುದು. ಇವತ್ತೇ ಹುಡುಕಿ ನೋಡಿ. ಊರಿನ ಬಜೆಟ್ ಸಭೆಯಲ್ಲಿ ಹೊಸ ಕಟ್ಟಡಕ್ಕೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಹಳೆಯದರ ಆರೈಕೆಗೆ ಎಷ್ಟು ಎಂದು ನೀವು ಕೇಳಿ. ನಿಮ್ಮಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವವರಿದ್ದರೆ, ಹೊಸ ಸೇತುವೆ ಕಟ್ಟುವ ಕನಸಿನ ಜೊತೆ ಈ ಕೆಲಸವನ್ನೂ ಒಮ್ಮೆ ಯೋಚಿಸಿ. ಅಂಬಿಗನ ಹಂಗು ನಮಗೆ ಇನ್ನೂ ಇದೆ.

ಮುಂದಿನ ಮಾತಿನಲ್ಲಿ ಮತ್ತೆ ಸಿಗೋಣ.