ಪಿಡಿಎಫ್ ಮಾಡಿಬಿಟ್ಟರೆ ಕನ್ನಡ ಅಕ್ಷರ ಕೆಡುವುದಿಲ್ಲವೇ? ಪ್ರಿಂಟಿಗೆ ಕೊಡುವ ಮುನ್ನ ಇದನ್ನು ಓದಿ

“ಪಿಡಿಎಫ್ ಮಾಡಿ ಕಳಿಸಿಬಿಡಿ, ಎಲ್ಲಿ ತೆರೆದರೂ ಒಂದೇ ಥರ ಬರುತ್ತೆ.” ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಆಹ್ವಾನ, ಯಾವುದೇ ಇರಲಿ, ಈ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಎಷ್ಟೋ ಸಲ ನಾವೇ ಹೇಳಿದ್ದೇವೆ. ಆದರೂ 500 ಕಾರ್ಡು ಅಚ್ಚಾಗಿ ಮನೆಗೆ ಬಂದ ಮೇಲೆ ‘ಕಾರ್ಯಕ್ರಮ’ ಎಂಬುದು ‘ಕಾಯರ್ಕ್ರಮ’ ಆಗಿರುವುದನ್ನು ನೋಡಿ ತಲೆ ಚಚ್ಚಿಕೊಂಡವರು ಕಡಿಮೆಯೇನಲ್ಲ.

ಕನ್ನಡದಲ್ಲಿ ಒಂದು ಒತ್ತು ಬಿದ್ದುಹೋದರೆ ಪದವೇ ಬದಲಾಗುತ್ತದೆ. ‘ಹಳ್ಳಿ’ ಹೋಗಿ ‘ಹಳಿ’ ಆಗುತ್ತದೆ, ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ. ಲಗ್ನಪತ್ರಿಕೆಯಲ್ಲಿ ತೀರಿಹೋದ ಅಜ್ಜನ ಹೆಸರೇ ತಪ್ಪಾಗಿ ಬಿದ್ದರೆ ಮನೆಯವರಿಗೆ ಅದನ್ನು ಅಚ್ಚಿನ ದೋಷ ಎಂದು ಬಿಟ್ಟುಬಿಡಲು ಆಗುವುದಿಲ್ಲ. ಹಾಗಾದರೆ ಪಿಡಿಎಫ್ ಬಗ್ಗೆ ಹೇಳುವ ಆ ಮಾತಿನಲ್ಲಿ ನಿಜ ಎಷ್ಟು? ನೋಡೋಣ.

ಈ ಮಾತು ಎಷ್ಟು ನಿಜ?

ಅರ್ಧ ನಿಜ. ಪಿಡಿಎಫ್ ಅನ್ನು ಅಡೋಬಿ ಕಂಪನಿ 1993ರಲ್ಲಿ ತಂದಿತು. 2008ರಲ್ಲಿ ಅದು ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಪುಟದಲ್ಲಿ ಯಾವ ಅಕ್ಷರ, ಯಾವ ಚಿತ್ರ ಎಲ್ಲಿ ಕೂರಬೇಕು ಎಂಬುದನ್ನು ಹಿಡಿದಿಡುವುದೇ ಅದರ ಕೆಲಸ.

ಪಿಡಿಎಫ್ ಅಂದರೆ ಒಂದು ಬುತ್ತಿಗಂಟು ಎಂದುಕೊಳ್ಳಿ. ಮನೆಯಲ್ಲಿ ಏನು ಕಟ್ಟಿದ್ದೀರೋ ದಾರಿಯಲ್ಲಿ ಬಿಚ್ಚಿದಾಗ ಅದೇ ಸಿಗುತ್ತದೆ. ಕಟ್ಟುವ ಮುಂಚೆಯೇ ಒತ್ತು ಒಡೆದಿದ್ದರೆ ಒಡೆದ ಒತ್ತೇ ಭದ್ರವಾಗಿ ಪ್ರೆಸ್‌ಗೆ ತಲುಪುತ್ತದೆ. ಫಾಂಟ್ ಅನ್ನು ಗಂಟಿನೊಳಗೆ ಹಾಕದಿದ್ದರೆ ಪ್ರೆಸ್‌ನ ಕಂಪ್ಯೂಟರ್ ತನ್ನಲ್ಲಿರುವ ಬೇರೊಂದು ಫಾಂಟ್ ಹಾಕಿಕೊಳ್ಳುತ್ತದೆ. ಆಗ ಕನ್ನಡದ ಜಾಗದಲ್ಲಿ ಖಾಲಿ ಚೌಕವೋ ಇಂಗ್ಲಿಷ್ ಗುರುತುಗಳೋ ಬರಬಹುದು.

ಕನ್ನಡವೇ ಏಕೆ ಹೆಚ್ಚು ಒಡೆಯುತ್ತದೆ?

ಕಾರಣ ಎರಡು. ಮೊದಲನೆಯದು ಹಳೆಯ ಫಾಂಟ್‌ಗಳು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಪುಣೆಯ ಶ್ರೀಲಿಪಿ ಇವೆಲ್ಲ ಕನ್ನಡ ಡಿಟಿಪಿಗೆ ಜೀವ ಕೊಟ್ಟ ತಂತ್ರಾಂಶಗಳು. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಡಿಟಿಪಿಯವರು ಇದನ್ನು ‘ಆಸ್ಕಿ’ ಎನ್ನುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ‘ಕನ್ನಡ’ ಪದವನ್ನು ತೆರೆದರೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯು ಹೀಗೆ ಏನೇನೋ ಕಾಣುವುದು ಇದಕ್ಕೇ.

ಎರಡನೆಯದು ಯೂನಿಕೋಡ್. ಇದರಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ನಿಮ್ಮ ಫೋನಿನಲ್ಲಿ ಟೈಪ್ ಮಾಡುವುದು ಇದನ್ನೇ. ಆದರೆ ‘ಶ್ರೀ’ ಎಂಬ ಒಂದು ಅಕ್ಷರದ ಹಿಂದೆ ನಾಲ್ಕು ಸಂಕೇತಗಳಿರುತ್ತವೆ: ಶ, ವಿರಾಮ ಚಿಹ್ನೆ, ರ, ದೀರ್ಘದ ಗುಣಿತ. ಇವನ್ನು ಸೇರಿಸಿ ಒಂದೇ ಅಕ್ಷರವಾಗಿ ಬರೆಯುವುದು ತಂತ್ರಾಂಶದ ಕೆಲಸ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ. ಇನ್ನು ಕೆಲವು ತಂತ್ರಾಂಶಗಳಿಗೆ ಗೊತ್ತಿದ್ದರೂ ಸರಿಯಾದ ಆಯ್ಕೆ ಮಾಡದಿದ್ದರೆ ‘ಶ್‌ರೀ’ ಎಂದು ಬಿಡಿಬಿಡಿಯಾಗಿ ಬರೆಯುತ್ತವೆ.

ನೀವು ವಾಟ್ಸಾಪ್‌ನಲ್ಲಿ ಕಳಿಸುವುದು ಯೂನಿಕೋಡ್. ಡಿಟಿಪಿ ಸೆಂಟರಿನಲ್ಲಿ ಹಳೆಯ ಫಾಂಟ್ ಇದ್ದರೆ ಅದನ್ನು ಕನ್ವರ್ಟ್ ಮಾಡಬೇಕು, ಇಲ್ಲವೇ ಹೊಸದಾಗಿ ಟೈಪ್ ಮಾಡಬೇಕು. ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲಿಯೇ. ಹಾಗಾಗಿ ‘ನಾನು ಸರಿಯಾಗಿ ಟೈಪ್ ಮಾಡಿ ಕಳಿಸಿದ್ದೇನೆ, ಮತ್ತೆ ನೋಡುವುದು ಬೇಡ’ ಎನ್ನುವ ಹಾಗಿಲ್ಲ.

ನಾಲ್ಕು ಊರು, ನಾಲ್ಕು ಪರೀಕ್ಷೆ

ಕೋಲಾರ ಜಿಲ್ಲೆಯವರಿಗೆ ಈ ತಪ್ಪು ಹಿಡಿಯಲು ಒಂದು ಸುಲಭ ದಾರಿ ಇದೆ. ನಿಮ್ಮ ಸುತ್ತಲಿನ ಹೆಸರುಗಳೇ ಸಾಕು.

• ಕೋಲಾರ: ‘ಕೋಲಾರಮ್ಮ’ ಎಂದು ಬರೆಸಿ. ಮ ಕೆಳಗಿನ ಒತ್ತು ಸರಿಯಾಗಿ ಕೂತಿದೆಯೇ? ಕೆಳಗಿನ ಸಾಲಿಗೆ ತಾಗಿದೆಯೇ?
• ಮಾಲೂರು: ‘ಚಿಕ್ಕತಿರುಪತಿ’. ಒತ್ತು ಬಿದ್ದು ‘ಚಿಕತಿರುಪತಿ’ ಆಗಿದೆಯೇ?
• ಮುಳಬಾಗಿಲು: ‘ನರಸಿಂಹತೀರ್ಥ’. ಅರ್ಕಾವತ್ತು ಜಾಗ ಬದಲಿಸಿ ‘ನರಸಿಂಹತೀಥರ್’ ಆಗಿದೆಯೇ? ‘ಕಾಯರ್ಕ್ರಮ’ ಹುಟ್ಟುವುದೂ ಇದೇ ದೋಷದಿಂದ.
• ಶ್ರೀನಿವಾಸಪುರ: ಊರಿನ ಹೆಸರೇ ಪರೀಕ್ಷೆ. ಮೊದಲ ಅಕ್ಷರ ‘ಶ್ರೀ’ ಆಗಿ ಉಳಿದಿದೆಯೇ, ‘ಶ್‌ರೀ’ ಆಗಿದೆಯೇ?

ಈ ನಾಲ್ಕು ಪದಗಳ ಪಕ್ಕದಲ್ಲಿ ರೂಪಾಯಿ ಗುರುತು ₹ ಕೂಡ ಹಾಕಿಸಿ. ಈ ಗುರುತು ಬಂದಿದ್ದೇ 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟ್‌ಗಳಲ್ಲಿ ಅದು ಇರುವುದಿಲ್ಲ, ಚೌಕವೋ ಬೇರೆ ಗುರುತೋ ಬೀಳುತ್ತದೆ. ಟೊಮೆಟೊ, ಮಾವಿನ ದರಪಟ್ಟಿ ಅಚ್ಚು ಹಾಕಿಸುವವರು ಇದನ್ನು ಮರೆಯಬಾರದು. ಫಾಂಟಿನಲ್ಲಿ ಇಲ್ಲದಿದ್ದರೆ ‘ರೂ.’ ಎಂದು ಬರೆಸುವುದೇ ಕ್ಷೇಮ.

ಈ ಸಾಲನ್ನು ಮೊದಲು ಪಿಡಿಎಫ್ ಮಾಡಿಸಿ, ಬೇರೆ ಫೋನಿನಲ್ಲಿ ತೆರೆದು, ಒಂದು ಹಾಳೆ ಪ್ರಿಂಟ್ ತೆಗೆಸಿ. ಅದು ಸರಿಯಿದ್ದರೆ ಕನ್ನಡದ ಬಹುಪಾಲು ತೊಂದರೆ ಇಲ್ಲ ಎಂದರ್ಥ.

ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮಾತಾಡುವ ಮನೆಗಳು ಬಹಳ. ಒಂದೇ ಕಾರ್ಡಿನಲ್ಲಿ ಎರಡೂ ಲಿಪಿ ಬೇಕಾದರೆ ಇನ್ನೊಂದು ಎಚ್ಚರ ಬೇಕು. ನೋಡಲು ಅಕ್ಷರಗಳು ಒಂದೇ ಥರ ಕಂಡರೂ ಯೂನಿಕೋಡ್‌ನಲ್ಲಿ ಕನ್ನಡ, ತೆಲುಗಿನ ಸಂಕೇತಗಳು ಬೇರೆ ಬೇರೆ. ಕನ್ನಡ ಫಾಂಟಿನಲ್ಲಿ ತೆಲುಗು ಅಕ್ಷರ ಇರಲೇಬೇಕೆಂದಿಲ್ಲ. ತೆಲುಗಿಗೆ ತೆಲುಗು ಫಾಂಟನ್ನೇ ಹಾಕಿಸಿ, ಎರಡನ್ನೂ ಬೇರೆ ಬೇರೆಯಾಗಿ ಓದಿಸಿ.

ಡಿಟಿಪಿ ಮಾಡುವವರು ನೋಡಬೇಕಾದ್ದು

• ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಹಾಕುವಾಗ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿ. ಒತ್ತು ಒಡೆಯುವ ದೂರು ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ.
• ಸಾಲುಗಳ ನಡುವೆ ಜಾಗ ಬಿಡಿ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು, ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವೆ. ವರ್ಡ್‌ನಲ್ಲಿ ಸಾಲಿನ ಅಂತರವನ್ನು ‘ಎಕ್ಸಾಕ್ಟ್‌ಲಿ’ ಎಂದು ಬಿಗಿ ಮಾಡಿದರೆ ಒತ್ತಿನ ಬುಡ ಕತ್ತರಿಸಿಹೋಗಬಹುದು.
• ಪಿಡಿಎಫ್ ಆದ ಮೇಲೆ ಅಕ್ರೊಬ್ಯಾಟ್ ರೀಡರ್‌ನಲ್ಲಿ ತೆರೆದು, ಪ್ರಾಪರ್ಟೀಸ್‌ನಲ್ಲಿ ‘ಫಾಂಟ್ಸ್’ ನೋಡಿ. ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಇಲ್ಲದಿದ್ದರೆ ಫಾಂಟ್ ಗಂಟಿನೊಳಗೆ ಬಂದಿಲ್ಲ.
• ಕೋರಲ್‌ಡ್ರಾದಲ್ಲಿ ‘ಕನ್ವರ್ಟ್ ಟು ಕರ್ವ್ಸ್’ ಮಾಡಿದರೆ ಅಕ್ಷರಗಳು ಚಿತ್ರದಂತಹ ಆಕಾರಗಳಾಗುತ್ತವೆ, ಆಮೇಲೆ ಫಾಂಟಿನ ಗೋಜು ಇರುವುದಿಲ್ಲ. ಆದರೆ ಕರ್ವ್ಸ್ ಆದ ಮೇಲೆ ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ಪ್ರೂಫ್ ಒಪ್ಪಿಗೆಯಾದ ಮೇಲೆಯೇ ಮಾಡಿ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಅಳತೆ, ಫೋಟೋ, ಬಣ್ಣ

ಅಳತೆ: ನೀವು ಕೈಯಲ್ಲಿ ಹಿಡಿಯುವ ಅಳತೆಯಲ್ಲೇ ಪುಟ ಮಾಡಬೇಕು. ಎ4 ಅಂದರೆ 210×297 ಮಿ.ಮೀ., ಎ5 ಅಂದರೆ 148×210 ಮಿ.ಮೀ. ಅಮೆರಿಕದ ‘ಲೆಟರ್’ ಅಳತೆ 216×279 ಮಿ.ಮೀ. ಕಂಪ್ಯೂಟರಿನಲ್ಲಿ ಅದು ಮೊದಲೇ ಕೂತಿದ್ದರೆ ನಮ್ಮ ಎ4 ಹಾಳೆಗೆ ಸರಿಹೊಂದದೆ ಪುಟ ಕುಗ್ಗುತ್ತದೆ, ಇಲ್ಲವೇ ಅಂಚು ಕಡಿಯುತ್ತದೆ. ಪ್ರಿಂಟ್ ಕೊಡುವಾಗ ‘ಫಿಟ್’ ಬಿಟ್ಟು ‘ಆಕ್ಚುಯಲ್ ಸೈಜ್’ ಆರಿಸಿ.

ಬ್ಲೀಡ್: ಅಂಚಿನವರೆಗೆ ಬಣ್ಣ ಬೇಕಿದ್ದರೆ ಬಣ್ಣವನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಚಾಚಿಸಬೇಕು. ಕಟಿಂಗ್ ಮಾಡುವಾಗ ಬ್ಲೇಡು ಕೂದಲೆಳೆಯಷ್ಟು ಸರಿದರೂ ಬಿಳಿ ಪಟ್ಟಿ ಕಾಣುವುದಿಲ್ಲ. ಎ5 ಕಾರ್ಡಿನ ಪುಟ ಆಗ 154×216 ಮಿ.ಮೀ. ಆಗುತ್ತದೆ. ಹೆಸರು, ಮುಹೂರ್ತದಂತಹ ಮುಖ್ಯ ಅಕ್ಷರಗಳು ಕಟಿಂಗ್ ಗೆರೆಯಿಂದ ಕನಿಷ್ಠ 5 ಮಿ.ಮೀ. ಒಳಗಿರಲಿ.

ಫೋಟೋ: ‘300 ಡಿಪಿಐ ಎಂದು ಬದಲಿಸಿದರೆ ಫೋಟೋ ಚೊಕ್ಕವಾಗುತ್ತದೆ’ ಎಂಬುದು ತಪ್ಪು ನಂಬಿಕೆ. ಫೋಟೋದಲ್ಲಿ ಇರುವ ಚುಕ್ಕಿಗಳಷ್ಟೇ ಇರುತ್ತವೆ. 4×6 ಇಂಚಿನ ಫೋಟೋ ಇಂಚಿಗೆ 300 ಚುಕ್ಕಿಯಂತೆ ಬರಬೇಕಾದರೆ 1200×1800 ಪಿಕ್ಸೆಲ್ ಬೇಕು. 600×900 ಪಿಕ್ಸೆಲ್ ಫೋಟೋದ ಸಂಖ್ಯೆಯನ್ನಷ್ಟೇ 300 ಎಂದು ಬದಲಿಸಿದರೆ ಅದು 2×3 ಇಂಚಿಗೆ ಮಾತ್ರ ಸಾಕು.

ಬಣ್ಣ: ಫೋನಿನ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಆಫ್‌ಸೆಟ್ ಪ್ರೆಸ್‌ನಲ್ಲಿ ಇರುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕು. ಪರದೆಯ ಹೊಳೆಯುವ ಹಸಿರು, ನೀಲಿ ಕಾಗದದ ಮೇಲೆ ಮಂಕಾಗುವುದು ಸಹಜ, ಅದರಲ್ಲಿ ಪ್ರೆಸ್‌ನವರ ಮೋಸ ಇಲ್ಲ. ಸಣ್ಣ ಅಕ್ಷರಗಳಿಗೆ ಕಪ್ಪು ಇಂಕು ಒಂದನ್ನೇ ಬಳಸಿ. ನಾಲ್ಕು ಇಂಕು ಸೇರಿಸಿ ಮಾಡಿದ ಕಪ್ಪಿನಲ್ಲಿ ಪ್ಲೇಟು ಸ್ವಲ್ಪ ಸರಿದರೂ ಒತ್ತುಗಳು ಮಸುಕಾಗುತ್ತವೆ. ಗಾಢ ಬಣ್ಣದ ಮೇಲೆ ಬಿಳಿಯ ತೆಳು ಅಕ್ಷರ ಹಾಕಿದರೂ ಇಂಕು ತುಂಬಿ ಒತ್ತು ಮುಚ್ಚಿಹೋಗಬಹುದು.

ವಾಟ್ಸಾಪ್‌ನಲ್ಲಿ ಕಳಿಸುವಾಗ

ಫೋಟೋವನ್ನು ಮಾಮೂಲಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಪ್ರಿಂಟಿಗೆ ಹೋಗುವ ಫೋಟೋ ಇದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಪಿಡಿಎಫ್‌ನ ಸ್ಕ್ರೀನ್‌ಶಾಟ್ ತೆಗೆದು ಪ್ರೆಸ್‌ಗೆ ಕೊಡಬೇಡಿ, ಅದು ಪರದೆಯ ಅಳತೆಯ ಫೋಟೋ ಅಷ್ಟೇ. ನಿಮಗೆ ಬರುವ ಆಹ್ವಾನಗಳ ಮೇಲೂ ಕಣ್ಣಿರಲಿ. ಫೈಲಿನ ಹೆಸರಿನ ಕೊನೆಯಲ್ಲಿ ಪಿಡಿಎಫ್ ಬದಲು ‘ಎಪಿಕೆ’ ಎಂದಿದ್ದರೆ ಅದು ಕಾರ್ಡಲ್ಲ, ಫೋನಿಗೆ ಇಳಿಯುವ ಆ್ಯಪ್. ಮದುವೆ ಕಾರ್ಡಿನ ನೆಪದಲ್ಲಿ ಇಂಥವನ್ನು ಕಳಿಸಿ ಹಣ ದೋಚುವ ವಂಚನೆ ನಡೆದಿದೆ. ತೆರೆಯಬೇಡಿ.

ಒಪ್ಪಿಗೆ ಕೊಡುವ ಮುನ್ನ

ಕೊನೆಯ ಪಿಡಿಎಫ್ ಬಂದ ಮೇಲೆ ಒಂದು ಹಾಳೆ ಪ್ರಿಂಟ್ ತೆಗೆಸಿ ಕಾಗದದ ಮೇಲೆ ಓದಿ. ಪರದೆಯಲ್ಲಿ ತಪ್ಪಿಸಿಕೊಂಡ ತಪ್ಪು ಕಾಗದದಲ್ಲಿ ಸಿಗುವುದುಂಟು. ಹೆಸರು, ಊರು, ತಾರೀಖು, ವಾರ, ಗಂಟೆ, ಫೋನ್ ನಂಬರ್ ಇವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೈಬರಹದ ಚೀಟಿ ಹಿಡಿದು ತಾಳೆ ನೋಡಲಿ. ಪದ ಬರೆದವರಿಗೆ ತಮ್ಮ ತಪ್ಪು ಕಾಣುವುದು ಕಷ್ಟ. ಮನೆಯ ಹಿರಿಯರೊಬ್ಬರಿಗೆ ಕೊಟ್ಟರೆ ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಒಂದೇ ಅಕ್ಷರ ತಿದ್ದಿಸಿದರೂ ಹೊಸ ಪಿಡಿಎಫ್ ಕೇಳಿ, ಇಡೀ ಪುಟವನ್ನು ಮತ್ತೆ ನೋಡಿ.

ಒಟ್ಟಿನಲ್ಲಿ: ಪಿಡಿಎಫ್ ಒಳ್ಳೆಯ ಸಾಧನ, ಆದರೆ ಅದು ತಪ್ಪನ್ನು ತಿದ್ದುವುದಿಲ್ಲ. ಫಾಂಟ್ ಒಳಗಿರಲಿ, ಅಳತೆ ಸರಿಯಿರಲಿ, ಫೋಟೋ ಮೂಲದ್ದಿರಲಿ, ಒಂದು ಹಾಳೆ ಪ್ರೂಫ್ ಕಣ್ಣಾರೆ ನೋಡಿ. ನಿಮ್ಮ ಮನೆಯಲ್ಲಿ ಅಥವಾ ಬಳಗದಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ ಹತ್ತಿರ ಇದ್ದರೆ ಕಾರ್ಡು ಅಚ್ಚಿಗೆ ಹೋಗುವ ಮುಂಚೆಯೇ ಇದನ್ನು ಅವರಿಗೆ ಫಾರ್ವರ್ಡ್ ಮಾಡಿ. ಅಚ್ಚಾದ ಮೇಲೆ ಮಾಡಿದರೆ ಪ್ರಯೋಜನವಿಲ್ಲ.